ಕೇಳಿಸಿದ್ದು ಕಿವಿಗೆ, ಮಾತ್ರೆ ಮನಸ್ಸಿಗೆ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಭಾರೀ ಸದ್ದೊಂದು ಕೇಳಿಸಿತು. ಕಿಟಕಿಗಳು ಅದುರಿದವು. ಭೂಕಂಪವಿರಬೇಕೆಂದು ಜನ ಗಾಬರಿಯಾದರು. ಮಾಪಕಗಳಲ್ಲಿ ಭೂಕಂಪನದ ಗುರುತೇ ಇಲ್ಲವೆಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯೇ ಬಾಯಿಬಿಟ್ಟಿತು: ಪರೀಕ್ಷಾ ಹಾರಾಟದಲ್ಲಿದ್ದ ವಾಯುಪಡೆಯ ವಿಮಾನವೊಂದು ಶಬ್ದದ ವೇಗವನ್ನು ಮೀರಿತ್ತು, ವಿಮಾನ 65ರಿಂದ 80 ಕಿಲೋಮೀಟರ್ ದೂರವಿದ್ದರೂ ಅಂಥ ಸದ್ದು ಕೇಳಿಸಬಹುದು.

ಆ ದಿನ ಬೆಂಗಳೂರಿಗೆ ಯಾರೂ ನಿದ್ದೆ ಮಾತ್ರೆ ಬರೆದುಕೊಡಲಿಲ್ಲ. ಹೇಗೆ ಬರೆದಾರು? ಆ ಸದ್ದು ಗಂಡಸರಿಗೂ ಕೇಳಿಸಿತ್ತಲ್ಲ!

ನಮ್ಮ ಎದುರು ಮನೆಯಾಕೆಗೆ ಕೇಳಿಸುವ ಸದ್ದಿಗೆ ಆ ಭಾಗ್ಯವಿಲ್ಲ. ರಾತ್ರಿ ಹನ್ನೊಂದಾದ ಮೇಲೆ, ಬೀದಿ ತಣ್ಣಗಾದಾಗ, ದೂರದಲ್ಲಿ ಲಾರಿ ನಿಂತು ಗುರುಗುಟ್ಟುವಂಥ ಗುಂಯ್ ಶಬ್ದ. ಬಾಗಿಲು ಹಾಕಿದರೆ ಇನ್ನೂ ಸ್ಪಷ್ಟ. "ನಂಗಂತೂ ಏನೂ ಕೇಳಿಸ್ತಿಲ್ಲ, ಸುಮ್ನೆ ಮಲ್ಕೋ" ಅಂದರು ಯಜಮಾನರು. ಡಾಕ್ಟರು ಕಿವಿ ನೋಡಲಿಲ್ಲ. ವಯಸ್ಸು ಕೇಳಿದರು, ಮುಟ್ಟು ನಿಂತಿದೆಯೇ ಎಂದು ಕೇಳಿದರು, ಮಾತ್ರೆ ಬರೆದರು. ಒಮ್ಮೆ ಬೀದಿಗಿಳಿದು ಟ್ರಾನ್ಸ್‌ಫಾರ್ಮರ್ ಎಲ್ಲಿದೆ, ಯಾರ ಮನೆಯ ಪಂಪು ರಾತ್ರಿ ಓಡುತ್ತದೆ ಎಂದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ಕೆನಡಾದ ವಿಂಡ್ಸರ್ ನಗರದ ಕಥೆಯನ್ನು ಇಂಥವರಿಗೆ ಹೇಳಬೇಕು. 2011ರಿಂದ ಅಲ್ಲಿನ ಜನ ಇಂಥದೇ ಗುಂಯ್ ಶಬ್ದದ ಬಗ್ಗೆ ದೂರಿದರು. ಅಕ್ಕಪಕ್ಕದ ಮನೆಗಳಲ್ಲೇ ಒಬ್ಬರಿಗೆ ಕೇಳಿಸಿದರೆ ಇನ್ನೊಬ್ಬರಿಗಿಲ್ಲ. ಕೊನೆಗೆ ಸರ್ಕಾರ ಸಂಶೋಧಕರನ್ನು ನೇಮಿಸಿತು. ಸದ್ದು ನಿಜವೆಂದೂ, ಅದರ ಮೂಲ ಬಹುಶಃ ನದಿಯಾಚೆ ಅಮೆರಿಕದ ಜಗ್ ದ್ವೀಪದಲ್ಲಿರುವ ಉಕ್ಕಿನ ಕಾರ್ಖಾನೆಯ ಊದುಕುಲುಮೆಗಳೆಂದೂ 2014ರಲ್ಲಿ ಅವರು ವರದಿ ಕೊಟ್ಟರು. ಗಡಿಯಾಚೆಯಿಂದ ಸಹಕಾರ ಸಿಗದೆ ಖಚಿತಪಡಿಸಲಾಗಲಿಲ್ಲ. 2020ರಲ್ಲಿ ಕುಲುಮೆಗಳು ಆರಿದವು, ಗುಂಯ್ ಶಬ್ದವೂ ನಿಂತಿತು. ಮಾತ್ರೆ ನುಂಗಿ ನಿಂತದ್ದಲ್ಲ.

ಕಿವಿಯೊಳಗೇ ಸದ್ದು ಹುಟ್ಟುವ ಕಾಯಿಲೆಯಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಅಮೆರಿಕದ ಕೊಕೊಮೊ ಎಂಬ ಊರಿನಲ್ಲಿ 2003ರಲ್ಲಿ ತಜ್ಞರು ಅಳೆದು ಎರಡು ಕಾರ್ಖಾನೆಗಳ ಯಂತ್ರಗಳನ್ನು ಪತ್ತೆಹಚ್ಚಿದರು. ಅವುಗಳ ಸದ್ದಡಗಿಸಿದ ಮೇಲೂ ಕೆಲವರಿಗೆ ಕೇಳಿಸುತ್ತಲೇ ಇತ್ತು. ಅಂಥವರು ಡಾಕ್ಟರ ಹತ್ತಿರ ಹೋಗಲಿ, ಬೇಡವೆಂದವರಾರು? ಮೊದಲು ಅಳೆದರು, ಆಮೇಲೆ ಉಳಿದವರ ವಿಚಾರ. ನಮ್ಮಲ್ಲಿ ಮೊದಲೇ ತೀರ್ಪು, ಅಳತೆ ಯಾವಾಗಲೂ ಇಲ್ಲ.

ಅಳೆಯಲು ಬಂದರೂ ಒಂದು ತೊಡಕಿದೆ. ನಮ್ಮ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಇದು 'ಎ' ಎಂಬ ಕ್ರಮದ ಅಳತೆ. ತಗ್ಗು ದನಿಗಳು ಮನುಷ್ಯರ ಕಿವಿಗೆ ಕಡಿಮೆ ಕೇಳಿಸುತ್ತವೆಂದು ಈ ಕ್ರಮದಲ್ಲಿ ಮಾಪಕ ಅವುಗಳನ್ನು ಕಳೆದೇ ಲೆಕ್ಕ ಹಾಕುತ್ತದೆ. ನಮ್ಮ ಟ್ರಾನ್ಸ್‌ಫಾರ್ಮರ್‌ಗಳ ಗುಂಯ್ ಶಬ್ದ ಮುಖ್ಯವಾಗಿ 100 ಹರ್ಟ್ಸ್‌ನದು. ಅಲ್ಲಿ ಸುಮಾರು 19 ಡೆಸಿಬೆಲ್ ವಜಾ. ಅಂದರೆ ಕೋಣೆಯಲ್ಲಿ ಅಂಥ 60 ಡೆಸಿಬೆಲ್ ಸದ್ದು ತುಂಬಿದ್ದರೂ ಮಾಪಕ ತೋರುವುದು 41. ಕಾನೂನಿನ ಪ್ರಕಾರ ನಿಶ್ಶಬ್ದ! ಮೇಲಾಗಿ ತೀಕ್ಷ್ಣ ದನಿಗಳನ್ನು ತಡೆಯುವ ಗೋಡೆ, ತಗ್ಗು ದನಿಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಹೊರಗಿನ ಗಲಾಟೆ ಹೊರಗೇ ಉಳಿದು ಗುಂಯ್ ಮಾತ್ರ ಒಳಗೆ ಬರುತ್ತದೆ. ಹಗಲಿಡೀ ಹೊರಗೆ ಗದ್ದಲದಲ್ಲಿದ್ದು ಬಂದು ಗೊರಕೆ ಹೊಡೆಯುವವರಿಗೆ ಇದು ಹೇಗೆ ತಿಳಿದೀತು, ನೀವೇ ಹೇಳಿ.

ಎದುರು ಮನೆಯಾಕೆಗೆ ನಾನು ಹೇಳಿದ್ದಿಷ್ಟು. ಯಾವ ರಾತ್ರಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಕರೆಂಟು ಹೋದಾಗ ನಿಂತಿತೇ, ಎಲ್ಲವನ್ನೂ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ. ಅಳೆಯುವವರು ಬಂದರೆ ರಾತ್ರಿಯೇ ಬರಲಿ, ಬೀದಿಯಲ್ಲಲ್ಲ, ಮಲಗುವ ಕೋಣೆಯಲ್ಲೇ ಅಳೆಯಲಿ. ಮಾಪಕವನ್ನು 'ಎ'ಯಿಂದ 'ಸಿ'ಗೆ ಒಮ್ಮೆ ತಿರುಗಿಸಲು ಹೇಳಿ. ಆ ಕ್ರಮ ತಗ್ಗು ದನಿಗಳನ್ನು ಅಷ್ಟಾಗಿ ಕಳೆಯುವುದಿಲ್ಲ. ಎರಡು ಅಂಕಿಗಳ ನಡುವೆ ಇಪ್ಪತ್ತರಷ್ಟು ಅಂತರ ಕಂಡರೆ, ಆ ಚೀಟಿಯನ್ನು ಯಜಮಾನರ ದಿಂಬಿನ ಮೇಲಿಡಿ.