ನಾಲಗೆ ಹೊರಳದ ಅಕ್ಷರ

ಕೊರಿಯನ್ನರ ನಾಲಗೆಗೆ ಜಪಾನಿ ಭಾಷೆಯ ‘ತ್ಸು’ ಸುಲಭಕ್ಕೆ ಒಗ್ಗುವುದಿಲ್ಲ. ಕಲಿಯುವ ಹೊತ್ತಿನಲ್ಲಿ ಅವರ ಬಾಯಲ್ಲಿ ಅದು ‘ಚು’ ಆಗಿಬಿಡುತ್ತದೆ. ಪದದ ಶುರುವಿನಲ್ಲೇ ‘ಗ’ ಬಂದರೆ ಜಪಾನಿಯರ ಕಿವಿಗೆ ಅದು ‘ಕ’ದಂತೆ ಬೀಳುತ್ತದೆ. ಉತ್ತರದಿಂದ ಬಂದ ಹಿನ್ನೆಲೆ ಗಾಯಕರು ನಮ್ಮ ಳಕಾರದ ಮುಂದೆ ತಡವರಿಸುವುದನ್ನು ಕೇಳಿದವರಿಗೆ ಈ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮ ಗಾಯಕರು ಹಾಡು ಮುಗಿಸಿ ವಿಮಾನ ಹತ್ತಬಹುದು. ಜಪಾನಿನ ಪಾಪ್ ಹಾಡುಗಾರ್ತಿಗೆ ಆ ಸವಲತ್ತಿಲ್ಲ. ಹಾಡು ಮುಗಿದ ಮೇಲೆ ಟೀವಿ ನಿರೂಪಕ ಹಾರಿಸುವ ಚಟಾಕಿಗೆ ಅದೇ ಭಾಷೆಯಲ್ಲಿ, ಅದೇ ಕ್ಷಣದಲ್ಲಿ ಮಾತು ತಿರುಗಿಸಬೇಕು. ಹಾಡಿಗಿಂತ ಕಷ್ಟದ್ದು ಅದು.

2001ರ ಮೇ 30ರಂದು ಇಂಥದ್ದೊಂದು ಪರೀಕ್ಷೆಗೆ ಕೂತವಳು ಸೋಲ್ ಪಕ್ಕದ ಗುರಿ ಎಂಬ ಊರಿನ ಕ್ವೊನ್ ಬೋವಾ. ವಯಸ್ಸು 14. ಜಪಾನಿನ ಏವೆಕ್ಸ್ ಕಂಪನಿ ಅವಳ ‘ಐಡಿ, ಪೀಸ್ ಬಿ’ ಸಿಂಗಲ್ ಅನ್ನು ಜಪಾನಿ ಭಾಷೆಯಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಇದೇ ಹಾಡಿನ ಕೊರಿಯನ್ ರೂಪದಿಂದ ಹಿಂದಿನ ವರ್ಷದ ಆಗಸ್ಟಿನಲ್ಲಿ ಅವಳು ತನ್ನ ದೇಶದಲ್ಲಿ ಮೊದಲ ಹೆಜ್ಜೆ ಇಟ್ಟಿದ್ದಳು. ಜಪಾನಿನ ಹಾಡುಗಳ ಜಾತಕ ಬರೆಯುವ ಒರಿಕಾನ್ ಪಟ್ಟಿಯಲ್ಲಿ ಸಿಂಗಲ್‌ಗೆ ಸಿಕ್ಕ ಸ್ಥಾನ 20.

ಇಪ್ಪತ್ತು ಎಂದರೆ ಸೋಲಲ್ಲ, ಗೆಲುವೂ ಅಲ್ಲ. ಕೆ-ಪಾಪ್ ಕಥೆ ಹೇಳುವವರು ಈ ಅಂಕಿಯನ್ನು ಹಾರಿಸಿ, ಮರುವರ್ಷ ಮಾರ್ಚಿನಲ್ಲಿ ಬಂದ ‘ಲಿಸನ್ ಟು ಮೈ ಹಾರ್ಟ್’ ಆಲ್ಬಂಗೆ ಜಿಗಿಯುತ್ತಾರೆ. ಅದು ಒರಿಕಾನ್‌ನಲ್ಲಿ ಮೊದಲ ಸ್ಥಾನಕ್ಕೇರಿತು. ಕೊರಿಯಾದ ಯಾವ ಗಾಯಕರಿಗೂ ಅಲ್ಲಿಯವರೆಗೆ ಅದು ದಕ್ಕಿರಲಿಲ್ಲ. ನನಗೆ ಮಾತ್ರ ಆ ಒಂದನೆಯ ಸ್ಥಾನಕ್ಕಿಂತ ಈ ಇಪ್ಪತ್ತನೆಯ ಸ್ಥಾನದ ಮೇಲೇ ಕುತೂಹಲ. ಆಮೇಲಿನ ಎರಡು ಸಿಂಗಲ್‌ಗಳೂ ಮೊದಲ ಹತ್ತರ ಹೊರಗೇ ಉಳಿದವು. 2002ರ ಜನವರಿಯಲ್ಲಿ ಬಂದ ನಾಲ್ಕನೆಯದು ಐದಕ್ಕೆ ಏರಿತು. ಅಲ್ಲಿಯವರೆಗೆ ಕಂಪನಿಯವರು ಪೆಟ್ಟಿಗೆ ಕಟ್ಟಲಿಲ್ಲ, ಹುಡುಗಿಯೂ ಕಟ್ಟಲಿಲ್ಲ. ‘ಕೊರಿಯನ್ ಅಲೆ’, ‘ಕೊರಿಯನ್ ಅಲೆ’ ಎಂದು ಈಗ ಎಲ್ಲರೂ ಕರೆಯುವುದು ಹೀಗೆ ಮೂರು ಸಲ ಮಂಡಿ ತರಚಿಕೊಂಡು ಎದ್ದದ್ದನ್ನು.

ಅವಳನ್ನು ತಯಾರು ಮಾಡಿದ ಕೊರಿಯಾದ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಕಂಪನಿಯ ಲೆಕ್ಕಾಚಾರ ಗುಟ್ಟಿನದೇನಲ್ಲ. ಜಪಾನಿನ ಸಂಗೀತ ಮಾರುಕಟ್ಟೆ ಅಮೆರಿಕ ಬಿಟ್ಟರೆ ಜಗತ್ತಿನಲ್ಲೇ ದೊಡ್ಡದು. ಕೊರಿಯಾದ್ದು ಆಗ ಅದರ ಮುಂದೆ ಪುಟ್ಟ ಸಂತೆ, ಅದೂ 1997ರ ಆರ್ಥಿಕ ಕುಸಿತದ ಪೆಟ್ಟು ತಿಂದದ್ದು. ಲೀ ಸೂ-ಮಾನ್ ಕಟ್ಟಿದ ಈ ಕಂಪನಿ, 1998ರಲ್ಲೇ ಎಸ್‌ಇಎಸ್ ಎಂಬ ಮೂವರು ಹುಡುಗಿಯರ ತಂಡವನ್ನು ಜಪಾನಿಗೆ ಕಳಿಸಿ ನೋಡಿತ್ತು, ಹೆಚ್ಚೇನೂ ಗಿಟ್ಟಿರಲಿಲ್ಲ. ಅದಕ್ಕೂ ಮುಂಚೆ ಚೋ ಯಾಂಗ್-ಪಿಲ್, ಕ್ಯೇ ಉನ್-ಸೂಕ್ ಅಂಥವರು ಜಪಾನಿನಲ್ಲಿ ಹೆಸರು ಮಾಡಿದ್ದುಂಟು. ಅವರು ಹಿಡಿದದ್ದು ಹಿರಿಯರು ಮೆಚ್ಚುವ, ಅಗಲಿಕೆ-ಬಂದರು-ಕಣ್ಣೀರಿನ ‘ಎನ್ಕಾ’ ಕೇಳುಗರನ್ನು. ಹದಿಹರೆಯದವರ ಅಂಗಡಿ ಬೇರೆಯೇ. ಅಲ್ಲಿ ‘ಕೊರಿಯಾದಿಂದ ಬಂದವಳು’ ಎಂಬ ಫಲಕ ತೂಗುಹಾಕಿದರೆ ನಡೆಯುವುದಿಲ್ಲ, ಅಲ್ಲಿಯವಳೇ ಅನ್ನಿಸಬೇಕು. ಅದಕ್ಕೇ ಅಣ್ಣನ ಜೊತೆ ಆಡಿಷನ್‌ಗೆ ಹೋಗಿ, ಅಣ್ಣನ ಬದಲು ತಾನೇ ಕಣ್ಣಿಗೆ ಬಿದ್ದ ಹುಡುಗಿಗೆ ಹಾಡು, ಕುಣಿತದ ಜೊತೆ ಜಪಾನಿ ಪಾಠವೂ ಶುರುವಾಯಿತು.

ಈ ಪಾಠದ ಹಿಂದೆ ಇನ್ನೊಂದು ಪಾಠದ ನೆನಪಿದೆ, ಹಾಗಾಗಿ ಅದು ಬರೀ ವ್ಯಾಪಾರದ ಸಂಗತಿಯಾಗಿ ಉಳಿಯುವುದಿಲ್ಲ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. ಅಜ್ಜ-ಅಜ್ಜಿಯರ ಕಾಲದ ಶಾಲೆಯಲ್ಲಿ ಜಪಾನಿ ಭಾಷೆ ಕಲಿಯದೆ ಗತಿಯಿರಲಿಲ್ಲ. 1940ರಲ್ಲಂತೂ ಮನೆತನದ ಹೆಸರನ್ನೇ ಜಪಾನಿ ಅಚ್ಚಿಗೆ ಹೊಯ್ಯುವ ಒತ್ತಡ. ಸ್ವಾತಂತ್ರ್ಯ ಬಂದ ಮೇಲೆ ಕೊರಿಯಾ ಜಪಾನಿ ಹಾಡು, ಸಿನಿಮಾಗಳಿಗೆ ದಶಕಗಳ ಕಾಲ ಬಾಗಿಲು ಹಾಕಿಕೊಂಡಿತ್ತು. 1998ರಲ್ಲಿ ಅಧ್ಯಕ್ಷ ಕಿಮ್ ಡೇ-ಜುಂಗ್ ಆ ಬಾಗಿಲನ್ನು ಹಂತಹಂತವಾಗಿ ತೆರೆಯತೊಡಗಿದರು. ಆದರೂ ಜಪಾನಿ ಭಾಷೆಯಲ್ಲಿ ಹಾಡಿದ ಸೀಡಿಗಳನ್ನು ಕೊರಿಯಾದ ಅಂಗಡಿಯಲ್ಲಿಟ್ಟು ಮಾರಲು ಅನುಮತಿ ಸಿಕ್ಕಿದ್ದು 2004ರ ಜನವರಿಯಲ್ಲಿ. ಅಂದರೆ, ತಮ್ಮೂರ ಹುಡುಗಿ ಟೋಕಿಯೊದಲ್ಲಿ ಹಾಡಿದ ಸಿಂಗಲ್ ಬೇಕೆಂದು ಗುರಿ ಊರಿನ ಅಂಗಡಿಗೆ ಹೋದವನು ಕಾನೂನಿನ ಪ್ರಕಾರ ಬರಿಗೈಯಲ್ಲೇ ವಾಪಸಾಗಬೇಕಿತ್ತು.

ಅವಳು ಕಾಲಿಟ್ಟ ಹೊತ್ತಾದರೂ ಎಂಥದ್ದು! 2001ರ ಏಪ್ರಿಲಿನಲ್ಲಿ ಜಪಾನ್ ಸರ್ಕಾರ ಒಪ್ಪಿಗೆ ಕೊಟ್ಟ ಇತಿಹಾಸ ಪಠ್ಯವೊಂದು ವಸಾಹತು ಕಾಲದ ಕ್ರೌರ್ಯಕ್ಕೆ ಸುಣ್ಣ ಬಳಿದಿದೆ ಎಂದು ಕೊರಿಯಾ ಕೆಂಡವಾಗಿತ್ತು. ಜುಲೈನಲ್ಲಿ ಸೋಲ್ ಸರ್ಕಾರ ಬಾಗಿಲು ತೆರೆಯುವ ಕೆಲಸವನ್ನೇ ನಿಲ್ಲಿಸಿತು. ಆಗಸ್ಟಿನಲ್ಲಿ ಜಪಾನಿನ ಪ್ರಧಾನಿ ಕೊಯಿಜುಮಿ, ಯುದ್ಧಾಪರಾಧಿಗಳನ್ನೂ ಪೂಜಿಸುವ ಯಾಸುಕುನಿ ದೇಗುಲಕ್ಕೆ ಹೋಗಿ ಬಂದು ಬೆಂಕಿಗೆ ತುಪ್ಪ ಸುರಿದರು. ಎರಡೂ ದೇಶ ಸೇರಿ ನಡೆಸಬೇಕಿದ್ದ ಫುಟ್ಬಾಲ್ ವಿಶ್ವಕಪ್‌ಗೆ ಒಂದು ವರ್ಷವೂ ಉಳಿದಿರಲಿಲ್ಲ. ಇದರ ನಡುವೆ ಎಂಟನೆಯೋ ಒಂಬತ್ತನೆಯೋ ಕ್ಲಾಸಿನಲ್ಲಿ ಕೂತಿರಬೇಕಾದ ಹುಡುಗಿ ಮೈಕ್ ಹಿಡಿದು ಕುಣಿಯುತ್ತಿದ್ದಳು.

ಇದನ್ನೆಲ್ಲ ‘ಸಂಸ್ಕೃತಿಯ ಸೇತುವೆ’ ಎಂದು ಕರೆದು ಹಾರ ಹಾಕುವುದು ಸುಲಭ. ನನಗೆ ಕೈ ಬರುವುದಿಲ್ಲ. ಸೇತುವೆಯ ಕಂಬವಾಗಲು 14ರ ಮಗುವೇ ಬೇಕಿತ್ತೆ ಎಂಬ ಕಿರಿಕಿರಿ ನನಗೆ ಈಗಲೂ ಹೋಗಿಲ್ಲ. ಗಂಟಲು ಇನ್ನೂ ಬಲಿಯುವ ವಯಸ್ಸು, ಸುತ್ತ ಪರಭಾಷೆ, ಬೆನ್ನಿಗೆ ಕಂಪನಿಯ ಬಂಡವಾಳ. ಅವಳು ಗೆದ್ದಳು, 2002ರಿಂದ ಸತತ ಆರು ವರ್ಷ ಜಪಾನಿನ ಎನ್‌ಎಚ್‌ಕೆ ಟೀವಿಯ ವರ್ಷಾಂತ್ಯದ ಹಾಡಿನ ಹಬ್ಬದಲ್ಲಿ ನಿಂತಳು, ಹಾಗಾಗಿ ನಮಗೆ ಕಥೆ ಗೊತ್ತು. ಅದೇ ದಾರಿಯಲ್ಲಿ ತರಬೇತಿ ಪಡೆದು ಹೆಸರಾಗದೆ ಹೋದ ಮಕ್ಕಳ ಬಗ್ಗೆ ಅಂಕಣ ಬರೆಯುವವರಿಲ್ಲ.

ಹಾಗಂತ, ಅವಳು ‘ಜಪಾನಿಗೆ ಮಾರಿಹೋದಳು’ ಎನ್ನುವ ಹಟಮಾರಿಗಳ ಮಾತೂ ನನಗೆ ಹಿಡಿಸದು. ಅಜ್ಜಿಗೆ ಆ ಭಾಷೆ ಬೆತ್ತದ ಜೊತೆ ಬಂತು. ಮೊಮ್ಮಗಳು ಅದನ್ನು ದುಡಿಮೆಯ ಸಲಕರಣೆಯಾಗಿ ಹಿಡಿದಳು, ಮಾಸಲು ಬಿಡದೆ ಮಸೆದಳು. ಅವಳ ಮೂರನೆಯ ಸಿಂಗಲ್‌ನ ಹೆಸರು ‘ಕಿಮೋಚಿ ವಾ ತ್ಸುತಾವಾರು’, ಮನಸ್ಸಿನ ಮಾತು ಮುಟ್ಟುತ್ತದೆ ಎಂದರ್ಥ. ಹೆಸರಿನ ನಟ್ಟನಡುವೆ ಅದೇ ‘ತ್ಸು’ ಕೂತಿದೆ ನೋಡಿ. ಬೇಕೆಂದೇ ಇಟ್ಟದ್ದೋ ಕಾಕತಾಳೀಯವೋ, ತಪ್ಪಿಸಿಕೊಳ್ಳಲು ಜಾಗವಿಲ್ಲ.

ಈಗ ಗಾಳಿ ತಿರುಗಿದೆ. 2015ರಲ್ಲಿ ಶುರುವಾದ ಟ್ವೈಸ್ ತಂಡದ ಒಂಬತ್ತು ಹುಡುಗಿಯರಲ್ಲಿ ಮೂವರು ಜಪಾನಿಯರು, ಕೊರಿಯನ್ ಕಲಿತು ಸೋಲ್‌ನಲ್ಲಿ ಹಾಡಿದವರು. ಜಪಾನಿ ನಾಲಗೆಯ ತೊಡಕು ಬೇರೆ ಥರದ್ದು. ವ್ಯಂಜನಕ್ಕೆ ಅಲ್ಲಲ್ಲಿ ಸ್ವರದ ಊರುಗೋಲು ಬೇಕು, ನಾವು ಬಸ್ ಅನ್ನು ‘ಬಸ್ಸು’ ಮಾಡಿಕೊಂಡ ಹಾಗೆ. ‘ಕಿಮ್ಚಿ’ ಅನ್ನಲು ಹೊರಟರೆ ‘ಕಿಮುಚಿ’ ಆಗುತ್ತದೆ. ತರಬೇತಿ ಕೋಣೆಯಲ್ಲಿ ಈ ಸಲ ಆ ಒಂದು ‘ಉ’ಕಾರವನ್ನು ನುಂಗುವ ಅಭ್ಯಾಸ.