ಉಮ್ಮನ ಸೂಜಿಗೆ ‘ಟೈಂಪಾಸ್’ ಎಂದು ಹೆಸರಿಡಬೇಡಿ

ಇತ್ತೀಚೆಗೆ ಮಂಗಳೂರಿನಲ್ಲಿ ನಮ್ಮವರದ್ದೇ ಒಂದು ಕಾರ್ಯಕ್ರಮ ನಡೆಯಿತು. ಯಾರದ್ದು ಎಂದು ಹೇಳುವುದಿಲ್ಲ. ವೇದಿಕೆಯ ಹಿಂದೆ ನನ್ನ ಉಮ್ಮ ಹೊಲಿದ ಬಟ್ಟೆ ತೂಗುಹಾಕಿದ್ದರು. ನಿರೂಪಕರು ಅದನ್ನು ತೋರಿಸಿ, “ನಮ್ಮ ಹೆಂಗಸರು ಬಿಡುವಿನ ವೇಳೆಯಲ್ಲಿ ಮಾಡಿದ್ದು” ಎಂದರು. ಪ್ರಾಯೋಜಕರ ಹೆಸರು ಮೂರು ಸಲ ಬಂತು, ಉಮ್ಮನ ಹೆಸರು ಒಮ್ಮೆಯೂ ಬರಲಿಲ್ಲ. ಕೊನೆಗೆ ಒಬ್ಬರು ಹತ್ತಿರ ಬಂದು ಆ ಬಟ್ಟೆಗೆ ₹800 ಕೊಡುತ್ತೇನೆ ಎಂದರು. “ಮನೆಯಲ್ಲೇ ಕೂತು ಮಾಡಿದ್ದಲ್ವಾ?”

ವಾಪಸ್ ಬರುವಾಗ ಬಳ್ಳಾರಿ ಬಸ್ಸಿನಲ್ಲಿ ಉಮ್ಮ ಒಂದೇ ಮಾತು ಹೇಳಿದರು: “ಇನ್ನು ಸಾಕು ಮೋನೆ.” ಆ ಮಾತಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಆದೋನಿಯಲ್ಲಿ. ಹಳಬರ ಬಾಯಲ್ಲಿ ಅದು ಆದವಾನಿ. 1953ರ ಅಕ್ಟೋಬರ್ 1ರವರೆಗೆ ಈ ತಾಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಇಲ್ಲಿ ಇಂದಿಗೂ ತೆಲುಗು, ಉರ್ದುವಿನ ಜೊತೆ ಕನ್ನಡ ನಡೆಯುತ್ತದೆ. ಊರಿನ ಉಸಿರು ಹತ್ತಿ. ಬಾಪ ಇಲ್ಲಿ ಸೂಜಿ, ದಾರ, ಗುಂಡಿ ಮಾರುವ ಅಂಗಡಿ ಇಟ್ಟರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಜಿನ್ನಿಂಗ್ ಮಿಲ್ಲಿನ ಯಂತ್ರ ರಿಪೇರಿ ಮಾಡುತ್ತೇನೆ. ಉಮ್ಮ ಪಕ್ಕದ ಮನೆಯ ಅಕ್ಕನಿಂದ ಕೌದಿ ಹೊಲಿಯಲು ಕಲಿತರು. ಇಲ್ಲಿನ ತೆಲುಗರು ಅದಕ್ಕೆ ಬೊಂತ ಎನ್ನುತ್ತಾರೆ.

ಆ ‘ಬಿಡುವಿನ ವೇಳೆ’ಯಲ್ಲಿ ಏನೇನಿತ್ತು ಕೇಳಿ. ಹತ್ತಿ ಬಟ್ಟೆಯನ್ನು ಕುದಿಸಿ ಗಂಜಿ, ಜಿಡ್ಡು ತೆಗೆಯಬೇಕು. ಗ್ರಂಥಿಗೆ ಅಂಗಡಿಯ ಅಳಲೆಕಾಯಿ ಪುಡಿಯ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಆಮೇಲೆ ಪಟಿಕದ ನೀರು. ಇಷ್ಟಾಗದಿದ್ದರೆ ಹತ್ತಿ ಬಣ್ಣ ಹಿಡಿಯುವುದಿಲ್ಲ. ಹಳದಿ-ಕಂದು ಬಣ್ಣಕ್ಕೆ ಈರುಳ್ಳಿ ಸಿಪ್ಪೆ. ಕರ್ನೂಲು ಜಿಲ್ಲೆಯಲ್ಲಿ ಅದಕ್ಕೇನು ಬರ! ಕೆಂಪಿಗೆ ಮಂಜಿಷ್ಠ. ಕಪ್ಪಿಗೆ ತುಕ್ಕು ಹಿಡಿದ ಕಬ್ಬಿಣ ಮತ್ತು ಬೆಲ್ಲವನ್ನು ನೀರಿನಲ್ಲಿ ಎರಡು ಮೂರು ವಾರ ಕೊಳೆಹಾಕಬೇಕು. ಆ ನೀರು ಅಳಲೆಕಾಯಿಯ ಒಗರಿಗೆ ತಾಗಿದಾಗ ಬಟ್ಟೆ ಕಪ್ಪಾಗುತ್ತದೆ. ಲೇತ್‌ನ ಕಬ್ಬಿಣದ ಚೂರು ತಂದುಕೊಡುವ ಕೆಲಸ ನನ್ನದು. ಕಬ್ಬಿಣ ಹೆಚ್ಚಾದರೆ ಕೆಲವು ವರ್ಷಗಳಲ್ಲಿ ಬಟ್ಟೆಯೇ ಹರಿಯುತ್ತದೆ. ಎಷ್ಟು ಸಾಕು ಎಂಬುದು ಉಮ್ಮನ ಕಣ್ಣಿಗೆ ಗೊತ್ತು. ಇದು ವಿದ್ಯೆ ಅಲ್ಲವೇ?

ಈಗ ಲೆಕ್ಕ. ಎರಡು ಅಡಿಗೆ ಮೂರು ಅಡಿ ಬಟ್ಟೆ. ದಿನಕ್ಕೆ ಮೂರು ಗಂಟೆಯಂತೆ 34 ದಿನ ಹೊಲಿಗೆ, ಅಂದರೆ 102 ಗಂಟೆ. ಬಟ್ಟೆ, ಬಣ್ಣ, ದಾರಕ್ಕೆ ₹400 ಆಗಿತ್ತು. ₹800ರಲ್ಲಿ ಅದನ್ನು ಕಳೆದರೆ ಉಳಿಯುವುದು ₹400. ಗಂಟೆಗೆ ನಾಲ್ಕು ರೂಪಾಯಿಯೂ ಇಲ್ಲ! ಗಂಟೆಗೆ ₹50 ಹಿಡಿದರೂ ಆ ಬಟ್ಟೆಗೆ ₹5,500 ಆಗಬೇಕು. ಬಣ್ಣ ಹಾಕಿದ ದಿನಗಳನ್ನು ನಾನು ಇದರಲ್ಲಿ ಸೇರಿಸಿಯೇ ಇಲ್ಲ.

“ಅಷ್ಟು ಕೊಡುವುದಕ್ಕಿಂತ ಮೆಷಿನ್‌ನಲ್ಲಿ ಮಾಡಿಸಬಹುದಲ್ಲ?” ಎನ್ನುತ್ತೀರಿ. ಮಾಡಿಸಿ, ಸಂತೋಷ. ನಾನು ಯಂತ್ರದಿಂದಲೇ ಅನ್ನ ತಿನ್ನುವವನು. ಕಂಪ್ಯೂಟರ್ ಎಂಬ್ರಾಯಿಡರಿ ಯಂತ್ರ ನಿಮಿಷಕ್ಕೆ 800, 1000 ಹೊಲಿಗೆ ಹಾಕುತ್ತದೆ. ಗಡಿಯಾರ ಹಿಡಿದು ಎಣಿಸಿದ್ದೇನೆ, ಉಮ್ಮನದ್ದು ಹದಿನೆಂಟು. ಯಂತ್ರದ್ದು ಬೇಕಾದರೆ ಯಂತ್ರದ್ದು ಕೊಳ್ಳಿ. ಕೈಯದ್ದು ಬೇಕು, ಕೊಡುವ ಬೆಲೆ ಮಾತ್ರ ಯಂತ್ರದ್ದು ಎಂದರೆ ಅದು ವ್ಯಾಪಾರವಲ್ಲ, ಮೋಸ. ಕೆಮಿಕಲ್ ಬಣ್ಣದ ಬಟ್ಟೆಗೆ ‘ನ್ಯಾಚುರಲ್’ ಚೀಟಿ ಅಂಟಿಸುವವರಿಗೂ ಇದೇ ಮಾತು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ ಎಂದು ಗಿರಾಕಿಗೆ ಮೊದಲೇ ಹೇಳುವವರೇ ನಂಬಿಕಸ್ಥರು.

ಇನ್ನು ಅಕ್ಷರದ ವಿಷಯ. ನಮ್ಮ ಮನೆಗಳಲ್ಲಿ ಬಟ್ಟೆಯ ಮೇಲೆ ಅಕ್ಷರ ಹೊಸತಲ್ಲ. ತಲೆದಿಂಬಿನ ಮೇಲೆ ‘ಗುಡ್ ನೈಟ್’, ಬಾಗಿಲ ಮೇಲೆ ಫ್ರೇಮ್ ಹಾಕಿದ ‘ವೆಲ್‌ಕಮ್’ ಯಾರ ಮನೆಯಲ್ಲಿ ಇರಲಿಲ್ಲ? ಬೇರೆಯವರ ಮಾತನ್ನು ಹೊಲಿದಾಗ ಹೊಗಳಿದೆವು. ಉಮ್ಮ ಈ ಸಲ ತನ್ನ ಮಾತು ಹೊಲಿದರು. ಉಮ್ಮನ ಉಮ್ಮ, ಅವರ ಉಮ್ಮ, ಹೀಗೆ ನೆನಪಿರುವಷ್ಟು ಹೆಂಗಸರ ಹೆಸರು. ಅವುಗಳ ಕೆಳಗೆ ಕನ್ನಡ ಅಕ್ಷರದಲ್ಲಿ ಒಂದು ಸಾಲು: ‘ಇವರೆಲ್ಲ ಹೊಲಿದರು, ಯಾರೂ ಹೆಸರು ಹಾಕಲಿಲ್ಲ.’ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು ಹೊಲಿದ ಸಾಲದು. ವೇದಿಕೆಯಲ್ಲಿ ಆ ಸಾಲಿನ ಮುಂದೆಯೇ ಹೂಕುಂಡ ಇಟ್ಟಿದ್ದರು.

“ಅಕ್ಷರ ಕಾಲಿಗೆ ಸಿಗುತ್ತದೆ, ಸರಿಯಲ್ಲ” ಎಂದು ಕೆಲವು ಹಿರಿಯರು ಹೇಳಿದರು. ಆ ಮಾತನ್ನು ಗೌರವಿಸುತ್ತೇನೆ. ಪವಿತ್ರ ವಚನಗಳನ್ನು ಹಾಸುವ ಬಟ್ಟೆಯಲ್ಲಿ ಹೊಲಿಯಬಾರದು. ಆದರೆ ಇದು ಗೋಡೆಗೆ ತೂಗುವ ಬಟ್ಟೆ. ಹಜ್, ಉಮ್ರಾಕ್ಕೆ ಹೋದವರು ಕಅಬಾದ ಕಿಸ್ವವನ್ನು ನೋಡಿದ್ದೀರಲ್ಲ? ಕಪ್ಪು ರೇಷ್ಮೆಯ ಮೇಲೆ ಚಿನ್ನ, ಬೆಳ್ಳಿಯ ಎಳೆಯಲ್ಲಿ ಹೊಲಿದ ಅಕ್ಷರಗಳು. ಅಲ್ಲಿ ಸೂಜಿ ಹಿಡಿಯುವವರು ಸಂಬಳ ಪಡೆಯುವ ಕುಶಲಕರ್ಮಿಗಳು. ಅವರ ಕೆಲಸವನ್ನು ಯಾರಾದರೂ ಟೈಂಪಾಸ್ ಎನ್ನುತ್ತಾರೆಯೇ?

ದೂರ ಯಾಕೆ, ಕಾಸರಗೋಡಿನ ತಳಂಗರೆ ತೊಪ್ಪಿ ಗಲ್ಫ್‌ವರೆಗೆ ಹೋಯಿತು. ಊರಿಗೆ ಹೆಸರು ಬಂತು, ಹೊಲಿದ ಹೆಂಗಸರ ಒಂದು ಹೆಸರು ನಮಗೆ ಗೊತ್ತಿದೆಯೇ? ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಫಲಸ್ತೀನಿನ ಹೆಂಗಸರ ಕಸೂತಿಯನ್ನು 2021ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಅವರವರ ಜನ ಮೊದಲು ಅದನ್ನು ಕೆಲಸವೆಂದು ಒಪ್ಪಿದ್ದರಿಂದಲೇ ಹೊರಗಿನವರೂ ಒಪ್ಪಿದರು. ಬೀಡಿ ಕಟ್ಟಿ ಮನೆ ನಡೆಸಿದ ಉಮ್ಮಂದಿರ ಮಕ್ಕಳು ನಾವು. ಬೀಡಿಗಾದರೂ ಸಾವಿರಕ್ಕೆ ಇಷ್ಟು ಎಂದು ಮಜೂರಿ ಇತ್ತು. ಸೂಜಿಗೆ ಅದೂ ಇಲ್ಲ.

ಕೇಳುವುದು ಮೂರೇ. ಹೊಲಿದವರ ಹೆಸರು ಬಟ್ಟೆಯ ಮೂಲೆಯಲ್ಲಿ ಇರಲಿ, ವೇದಿಕೆಯಲ್ಲೂ ಹೇಳಲಿ. ಗಂಟೆ ಲೆಕ್ಕ ಹಾಕಿ ಹಣ ಕೊಡಿ. ಕೊಡಲು ಆಗದಿದ್ದರೆ ಕೇಳಲೇಬೇಡಿ. ಮಗಳು ಸೂಜಿ ಹಿಡಿದರೆ ‘ವೆಲ್‌ಕಮ್’ ಬೇಡ, ಅವಳಿಗೆ ಹೇಳಬೇಕಾದದ್ದನ್ನು ಹೊಲಿಯಲು ಬಿಡಿ.

ಉಮ್ಮನ ಸೂಜಿಡಬ್ಬಿ ಅಂದಿನಿಂದ ಕಪಾಟಿನ ಮೇಲಿದೆ. ನಾನು ಲೇತ್‌ನ ಚೂರು ತಂದು ಬೆಲ್ಲದ ನೀರಿಗೆ ಹಾಕಿಟ್ಟಿದ್ದೇನೆ. ಕಪ್ಪು ತಯಾರಾಗಲು ಮೂರು ವಾರ ಬೇಕು. ಅಷ್ಟರೊಳಗೆ ನಿಮ್ಮಲ್ಲಿ ಒಬ್ಬರಾದರೂ ನಿಮ್ಮ ಉಮ್ಮ ಹೊಲಿದದ್ದನ್ನು ಪೆಟ್ಟಿಗೆಯಿಂದ ತೆಗೆದು, ಅವರ ಹೆಸರು ಬರೆದು ಗೋಡೆಗೆ ತೂಗುಹಾಕಿ. ಅದನ್ನು ನನ್ನ ಉಮ್ಮನಿಗೆ ತೋರಿಸಬೇಕು.