ಸಿಡಿ ಕಳೆದುಹೋದರೆ ಲೈಸೆನ್ಸೂ ಕಳೆದುಹೋಗುತ್ತಾ?

ಕಳೆದ ಸಲ ಊರಿಗೆ ಹೋದಾಗ ಚಿಕ್ಕಮ್ಮನ ಮಗಳು ತನ್ನ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ಅಣ್ಣಾ, ಮೂಲೇಲಿ 'ಆ್ಯಕ್ಟಿವೇಟ್ ವಿಂಡೋಸ್' ಅಂತ ಬರ್ತಾನೇ ಇರುತ್ತೆ. ಏನ್ ಮಾಡಿದ್ರೂ ಹೋಗಲ್ಲ, ನೋಡು." ಬಿ.ಕಾಂ ಓದುತ್ತಿದ್ದಾಳೆ. ಲ್ಯಾಪ್‌ಟಾಪ್ 2018ರಲ್ಲಿ ಅವಳ ಅಣ್ಣನಿಗೆ ಅಂತ ಚಿಕ್ಕಪ್ಪ ಕೊಡಿಸಿದ್ದು, ಈಗ ಇವಳ ಪಾಲಿಗೆ ಬಂದಿದೆ. ಹಾರ್ಡ್ ಡಿಸ್ಕ್ ಕೆಟ್ಟಿತ್ತಂತೆ. ತಾಲೂಕಿನ ಅಂಗಡಿಯವರು ಹೊಸ ಎಸ್ಎಸ್‌ಡಿ ಹಾಕಿ, ತಮ್ಮ ಬಳಿ ಇದ್ದ ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಿ ಕೊಟ್ಟಿದ್ದಾರೆ. "ಒರಿಜಿನಲ್ ಬೇಕಂದ್ರೆ ಜೊತೆಗೆ ಬಂದಿದ್ದ ಸಿಡಿ ತನ್ನಿ, ಇಲ್ಲಾಂದ್ರೆ ಎಂಟ್ಹತ್ತು ಸಾವಿರ ಆಗುತ್ತೆ" ಅಂದರಂತೆ. ಚಿಕ್ಕಪ್ಪ ಎರಡು ದಿನ ಅಟ್ಟ ಹುಡುಕಿದ್ದಾರೆ. ಸಿಕ್ಕಿದ್ದು ಹಳೇ ಪ್ರಿಂಟರ್‌ನ ಸಿಡಿ.

ಆ ಲ್ಯಾಪ್‌ಟಾಪ್ ಜೊತೆ ಸಿಡಿ ಬಂದೇ ಇರಲಿಲ್ಲ. ಆದರೆ ಲೈಸೆನ್ಸ್ ಬಂದಿತ್ತು. ಅದು ಮದರ್‌ಬೋರ್ಡ್‌ನ ಚಿಪ್ಪಿನೊಳಗೇ ಕೂತಿತ್ತು. ನಮ್ಮ ದೇಶದಲ್ಲಿ ಮನೆಬಳಕೆಗೆ ಮಾರುವ ಬಹುತೇಕ ಲ್ಯಾಪ್‌ಟಾಪ್‌ಗಳಂತೆ ಇದರಲ್ಲೂ ಇದ್ದಿದ್ದು 'ಹೋಮ್ ಸಿಂಗಲ್ ಲ್ಯಾಂಗ್ವೇಜ್' ಆವೃತ್ತಿಯ ಕೀ. ಅಂಗಡಿಯವರು ಹಾಕಿದ್ದು 'ಪ್ರೊ'. ಬೀಗ ಒಂದು, ಕೀಲಿ ಇನ್ನೊಂದು. ಮೈಕ್ರೋಸಾಫ್ಟ್ ತಾಣದಿಂದಲೇ ವಿಂಡೋಸ್ 10 ಇಳಿಸಿ, ಪೆನ್‌ಡ್ರೈವ್ ಮಾಡಿ, ಮತ್ತೆ ಇನ್‌ಸ್ಟಾಲ್ ಮಾಡಿದೆ. ಕೀ ಕೇಳಲೇ ಇಲ್ಲ. ನೆಟ್ ಕೊಟ್ಟ ತಕ್ಷಣ ತಾನೇ ಆ್ಯಕ್ಟಿವೇಟ್ ಆಯ್ತು. ಒಂದು ಪೈಸೆ ಖರ್ಚಿಲ್ಲ.

ಚಿಕ್ಕಪ್ಪ ಪಕ್ಕದಲ್ಲೇ ಕೂತು ನೋಡ್ತಿದ್ರು. "ಹಾಗಾದ್ರೆ ನಾನು ದುಡ್ಡು ಕೊಟ್ಟು ತಗೊಂಡಿದ್ದು ಇಷ್ಟು ದಿನ ಎಲ್ಲಿತ್ತು?" ಅಂದರು.

ಇಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಹಾಸ್ಟೆಲ್‌ನವರ ಕಂಪ್ಯೂಟರ್‌ಗಳಿಗೆ ಫಾರ್ಮ್ಯಾಟ್ ಹೊಡೆದವನು ನಾನು. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕಂಪ್ಯೂಟರ್ ಜೊತೆ ನಾವು ಕೊಳ್ಳೋದು ಎರಡು ಬೇರೆ ಬೇರೆ ವಸ್ತು. ಒಂದು, ತಂತ್ರಾಂಶದ ಪ್ರತಿ. ಇನ್ನೊಂದು, ಅದನ್ನು ಬಳಸುವ ಹಕ್ಕು, ಅಂದರೆ ಲೈಸೆನ್ಸ್. ಹಿಂದೆ ಪ್ರತಿ ಸಿಡಿಯಲ್ಲಿರುತ್ತಿತ್ತು, ಹಕ್ಕಿನ ಗುರುತು ಡಬ್ಬದ ಮೇಲೆ ಅಂಟಿಸಿದ 25 ಅಕ್ಷರಗಳ ಸ್ಟಿಕ್ಕರ್‌ನಲ್ಲಿ. ಆಮೇಲೆ ಕಂಪನಿಗಳು ಸಿಡಿ ಕೊಡೋದು ನಿಲ್ಲಿಸಿ, ಹಾರ್ಡ್ ಡಿಸ್ಕ್‌ನಲ್ಲೇ ಒಂದು ಮೂಲೆ ಕಾದಿರಿಸಿ ಪ್ರತಿಯನ್ನು ಅಲ್ಲಿಟ್ಟವು. ಹಾರ್ಡ್ ಡಿಸ್ಕ್ ಸತ್ತರೆ ಅದೂ ಸತ್ತಂತೆ. ಮನೆ ಕೀಲಿಯನ್ನು ಮನೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡ ಹಾಗೆ. 2012ರಲ್ಲಿ ವಿಂಡೋಸ್ 8 ಬಂದಾಗ ಸ್ಟಿಕ್ಕರ್‌ನ ಕೀ ಚಿಪ್ಪಿನೊಳಗೆ ಹೋಯ್ತು. ಈಗ ವಿಂಡೋಸ್ 11ರ ಹೋಮ್ ಆವೃತ್ತಿ ಹಾಕುವಾಗ ಇಂಟರ್‌ನೆಟ್ ಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಕೈಯಲ್ಲಿ ಹಿಡಿಯಬಹುದಾಗಿದ್ದ ವಸ್ತು ಒಂದೊಂದೇ ಹೆಜ್ಜೆ ಹಿಂದೆ ಸರಿದು ಕಂಪನಿಯ ಸರ್ವರ್‌ ತಲುಪಿದೆ. ಪ್ರತಿ ಹೆಜ್ಜೆಯೂ ಒಂದಲ್ಲ ಒಂದು ರೀತಿ ನಮಗೆ ಅನುಕೂಲವೇ ಆಗಿತ್ತು, ಅದನ್ನೂ ಹೇಳಬೇಕು. ಸ್ಟಿಕ್ಕರ್ ಅಳಿಸಿಹೋದವರ ಗೋಳು ನೋಡಿದವರಿಗೆ ಗೊತ್ತು.

ಪ್ರತಿ ಬೇರೆ, ಹಕ್ಕು ಬೇರೆ ಅನ್ನುವ ಈ ವಿಷಯ ಬರೀ ತಾಂತ್ರಿಕ ವಿವರ ಅಂದ್ಕೊಂಡ್ರೆ ಎರಿಕ್ ಲುಂಡ್‌ಗ್ರೆನ್ ಕತೆ ಕೇಳಿ.

ಕ್ಯಾಲಿಫೋರ್ನಿಯಾದ ಈತ ಇ-ತ್ಯಾಜ್ಯ ಮರುಬಳಕೆಯ ಉದ್ಯಮಿ. ಹಳೇ ಕಂಪ್ಯೂಟರ್‌ಗಳು ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬರುವಾಗ ಸಿಡಿ ಕಳೆದುಹೋಗಿರುತ್ತೆ. ಸಿಡಿ ಇಲ್ಲ ಅಂದ್ರೆ ಎಷ್ಟೋ ಜನ ಅದನ್ನು ಗುಜರಿಗೆ ಹಾಕ್ತಾರೆ. ಆತ ಚೀನಾದಲ್ಲಿ ಸುಮಾರು 28,000 ರೀಸ್ಟೋರ್ ಡಿಸ್ಕ್‌ ಮಾಡಿಸಿದ. ಡೆಲ್ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಮರುಸ್ಥಾಪಿಸುವ ಡಿಸ್ಕ್‌ಗಳವು. ಅದೇ ತಂತ್ರಾಂಶ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತಿತ್ತು, ಲೈಸೆನ್ಸ್ ಇಲ್ಲದ ಕಂಪ್ಯೂಟರ್‌ಗೆ ಹಾಕಿದರೆ ಪ್ರಯೋಜನವೂ ಇರಲಿಲ್ಲ. 2012ರಲ್ಲಿ ಅಮೆರಿಕದ ಕಸ್ಟಮ್ಸ್ ಅವನ್ನು ಹಿಡಿಯಿತು. ಲುಂಡ್‌ಗ್ರೆನ್ ತಪ್ಪೊಪ್ಪಿಕೊಂಡ. 2017ರಲ್ಲಿ ಫ್ಲೋರಿಡಾದ ಫೆಡರಲ್ ನ್ಯಾಯಾಲಯ 15 ತಿಂಗಳ ಜೈಲು, 50,000 ಡಾಲರ್ ದಂಡ ವಿಧಿಸಿತು. 2018ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಶಿಕ್ಷೆ ಎಷ್ಟು ಅನ್ನೋದು ನಿಂತಿದ್ದು ಒಂದು ಡಿಸ್ಕ್‌ನ ಬೆಲೆ ಎಷ್ಟು ಅನ್ನುವುದರ ಮೇಲೆ. ಸರ್ಕಾರದ ಪರ ತಜ್ಞರು 25 ಡಾಲರ್ ಅಂದರು. ಹಳೇ ಕಂಪ್ಯೂಟರ್ ರಿಪೇರಿ ಮಾಡಿ ಮಾರುವವರಿಗೆ ಮೈಕ್ರೋಸಾಫ್ಟ್ ಲೈಸೆನ್ಸ್ ಸಮೇತ ಡಿಸ್ಕ್ ಕೊಡುತ್ತಿದ್ದ ಬೆಲೆ ಅದು. 28,000ರಿಂದ ಗುಣಿಸಿದರೆ 7 ಲಕ್ಷ ಡಾಲರ್. ಲೈಸೆನ್ಸ್ ಇಲ್ಲದ ಬರೀ ಡಿಸ್ಕ್‌ಗೆ ಬೆಲೆಯೇ ಇಲ್ಲ ಅಂತ ಲುಂಡ್‌ಗ್ರೆನ್ ಪರ ತಜ್ಞರು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ.

ಆತನನ್ನು ಹುತಾತ್ಮ ಮಾಡೋಕೆ ನಾನು ಹೊರಟಿಲ್ಲ. ಡಿಸ್ಕ್‌ಗಳ ಮೇಲೆ ಡೆಲ್ ಮತ್ತು ಮೈಕ್ರೋಸಾಫ್ಟ್‌ನ ಗುರುತುಗಳನ್ನು ಅಸಲಿಯಂತೆಯೇ ಮುದ್ರಿಸಿದ್ದ, ಅವನ್ನು ಮಾರುವ ಉದ್ದೇಶವೂ ಇತ್ತು. ಅದು ನಕಲಿ ಮಾಲು ಅನ್ನುವ ಮೈಕ್ರೋಸಾಫ್ಟ್ ವಾದದಲ್ಲಿ ಹುರುಳಿದೆ. ಆದರೆ 15 ತಿಂಗಳು ಬಂದಿದ್ದು ಬರೀ ಲೇಬಲ್‌ನಿಂದಲ್ಲ. ಕಂಪ್ಯೂಟರ್ ಕೊಂಡವರು ಲೈಸೆನ್ಸ್‌ಗೆ ಆಗಲೇ ಒಮ್ಮೆ ದುಡ್ಡು ಕೊಟ್ಟಿದ್ದರು. ಡಿಸ್ಕ್ ಕಳೆದುಕೊಂಡವರೆಲ್ಲ ಲೈಸೆನ್ಸನ್ನೂ ಮತ್ತೆ ಕೊಳ್ಳಬೇಕಿತ್ತು ಅನ್ನೋ ಹಾಗೆ ಲೆಕ್ಕ ಹಾಕಿದ್ದರಿಂದ ಬಂದ ಶಿಕ್ಷೆ ಅದು.

ಇದೇ ಪ್ರಶ್ನೆ ಯುರೋಪಿನಲ್ಲೂ ಕೋರ್ಟ್ ಮೆಟ್ಟಿಲೇರಿತ್ತು. ಲಾಟ್ವಿಯಾದ ಇಬ್ಬರು ಮೈಕ್ರೋಸಾಫ್ಟ್ ತಂತ್ರಾಂಶಗಳ ಬಳಸಿದ ಪ್ರತಿಗಳನ್ನು ಆನ್‌ಲೈನ್‌ನಲ್ಲಿ ಮಾರಿದ್ದರು, ಅದೂ ಮೂಲ ಸಿಡಿಗಳನ್ನಲ್ಲ. ಅವರ ಮೇಲೆ ಕ್ರಿಮಿನಲ್ ಕೇಸ್ ಬಿತ್ತು. 2016ರ ಅಕ್ಟೋಬರ್ 12ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಎರಡು ಮಾತು ಹೇಳಿತು. ಮೂಲ ಸಿಡಿ ಹಾಳಾಗಿದೆ, ಕಳೆದಿದೆ ಅಂತ ಬ್ಯಾಕಪ್ ಪ್ರತಿಯನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ. ಆದರೆ ಸಿಡಿ ಕಳೆದ ಮಾತ್ರಕ್ಕೆ ಅವಧಿ ಮಿತಿಯಿಲ್ಲದ ಲೈಸೆನ್ಸ್ ಕೊಂಡವರ ಹಕ್ಕು ಸಾಯೋದಿಲ್ಲ, ಅಂಥವರು ಕಂಪನಿಯ ತಾಣದಿಂದ ತಂತ್ರಾಂಶ ಇಳಿಸಿಕೊಳ್ಳಲು ಅವಕಾಶ ಇರಬೇಕು. ಎರಡನೇ ಮಾತು ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾಗಲಿಲ್ಲ. ನನ್ನ ಪ್ರಕಾರ ತೂಕ ಇರೋದು ಅದಕ್ಕೇ.

ಇನ್ನು ನಮ್ಮ ಕಾನೂನು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಎಎ) ಒಮ್ಮೆ ಓದಿ, ಚೆನ್ನಾಗಿದೆ. ತಂತ್ರಾಂಶದ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು ಅದನ್ನು ಕೊಂಡ ಉದ್ದೇಶಕ್ಕೆ ಬಳಸಲು ನಕಲು ಮಾಡಿಕೊಳ್ಳಬಹುದು. ಕಳೆದುಹೋದರೆ, ಹಾಳಾದರೆ ಅಂತ ಬ್ಯಾಕಪ್ ಪ್ರತಿಯನ್ನೂ ಇಟ್ಟುಕೊಳ್ಳಬಹುದು. ಅದು ಹಕ್ಕುಸ್ವಾಮ್ಯದ ಉಲ್ಲಂಘನೆ ಅಲ್ಲ. 1994ರ ತಿದ್ದುಪಡಿಯಲ್ಲಿ ಈ ರೂಪ ಪಡೆದ ಸೆಕ್ಷನ್ ಇದು, ಫ್ಲಾಪಿ ಕಾಲದ್ದು. ಅದೇ ತಿದ್ದುಪಡಿ ಸೆಕ್ಷನ್ 63ಬಿ ಕೂಡ ತಂದಿತು. ಗೊತ್ತಿದ್ದೂ ಅಕ್ರಮ ಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನಮ್ಮ ಬಿ.ಕಾಂ ಹುಡುಗಿಯ ಕಡೆ ನೋಡಿ. ಬ್ಯಾಕಪ್ ಇಟ್ಟುಕೊಳ್ಳುವ ಹಕ್ಕು ಅವಳಿಗಿದೆ, ಆದರೆ ನಕಲು ಮಾಡಲು ಕೈಯಲ್ಲಿ ಪ್ರತಿಯೇ ಬಂದಿಲ್ಲ. ಲೈಸೆನ್ಸ್ ಇದೆ, ಅದು ಇರೋದು ಅವಳಿಗೆ ಗೊತ್ತಿಲ್ಲ, ಯಾರೂ ಹೇಳಿಲ್ಲ. ಅಕ್ರಮ ಪ್ರತಿ ಬಳಸಿದ್ದು ಮಾತ್ರ ನಿಜ, ಸ್ಕ್ರೀನ್ ಮೂಲೆಯಲ್ಲೇ ಬರೆದಿದೆ! ದುಡ್ಡು ಕೊಟ್ಟು ಕೊಂಡವಳು ಕಳ್ಳಿಯ ಹಾಗೆ ಕೂತಿದ್ದಾಳೆ. ಇದು ಬರೀ ಮಾನದ ಪ್ರಶ್ನೆಯೂ ಅಲ್ಲ. ಆ ಬರಹ ತೆಗೆಸಲು ಹೋದರೆ ಎಷ್ಟೋ ಅಂಗಡಿಗಳಲ್ಲಿ 'ಆ್ಯಕ್ಟಿವೇಟರ್' ಅನ್ನೋ ಕ್ರ್ಯಾಕ್ ಹಾಕ್ತಾರೆ, ಅದನ್ನು ಹಾಕೋಕೆ ಆ್ಯಂಟಿವೈರಸ್ ಆಫ್ ಮಾಡ್ತಾರೆ. ಅದರ ಜೊತೆ ಇನ್ನೇನು ಒಳಗೆ ಬಂತು ಅಂತ ನೋಡೋರು ಯಾರೂ ಇಲ್ಲ. ಅದೇ ಲ್ಯಾಪ್‌ಟಾಪ್‌ನಲ್ಲಿ ಅವಳ ಬ್ಯಾಂಕ್ ಪಾಸ್‌ವರ್ಡ್, ಸ್ಕಾಲರ್‌ಶಿಪ್ ಅರ್ಜಿ ಎಲ್ಲವೂ ಇದೆ. ಅಂಗಡಿಯವರನ್ನು ಬೈದು ಸುಮ್ಮನಾಗೋದು ಸುಲಭ. ಆದರೆ ಚಿಪ್ಪಿನೊಳಗೆ ಯಾವ ಆವೃತ್ತಿಯ ಕೀ ಇದೆ ಅಂತ ಡಬ್ಬದ ಮೇಲೆ ನಾಲ್ಕು ಸಾಲು ಕನ್ನಡದಲ್ಲಿ ಬರೆದಿದ್ದರೆ ಅವರೂ ಸರಿಯಾದದ್ದನ್ನೇ ಹಾಕ್ತಿದ್ರೇನೋ.

ಈ ಚರ್ಚೆ ಈಗ ಯಾಕೆ ಅಂದ್ರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ, ಕೆಲವೇ ಅಪವಾದ ಬಿಟ್ಟು, ಎಂಟನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಇವಳದ್ದು ಏಳನೇ ತಲೆಮಾರು. ಚೆನ್ನಾಗಿ ಓಡುತ್ತಿರುವ ಯಂತ್ರ, ಅಧಿಕೃತವಾಗಿ ಮುದುಕಿ. ಇಂಥ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಗುಜರಿಗೆ ಹೋಗಬಹುದು ಅಂತ ಕ್ಯಾನಲಿಸ್ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು. ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬೇಕಿದ್ದರೆ 30 ಡಾಲರ್ ಕೊಡಿ, ಇಲ್ಲವೇ ಸೆಟ್ಟಿಂಗ್ಸನ್ನು ಕಂಪನಿಯ ಕ್ಲೌಡ್‌ಗೆ ಸಿಂಕ್ ಮಾಡಿ, ಅಥವಾ 1,000 ರಿವಾರ್ಡ್ಸ್ ಪಾಯಿಂಟ್ ಕೊಡಿ ಅಂದಿತು ಮೈಕ್ರೋಸಾಫ್ಟ್. ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ತಕರಾರು ತೆಗೆದವು, ಅಲ್ಲಿನವರಿಗೆ ಸಿಂಕ್‌ನ ಷರತ್ತು ಬಿಟ್ಟು ಉಚಿತ ಮಾಡಿದರು. ನಮಗೆ ಷರತ್ತು ಹಾಗೇ ಉಳಿಯಿತು, ಯಾಕಂದ್ರೆ ನಾವು ಗಟ್ಟಿಯಾಗಿ ಕೇಳಲಿಲ್ಲ. ಇದರಲ್ಲಿ ಯಾವ ದಾರಿ ಹಿಡಿದರೂ ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು.

ಖಾತೆ ತೆರೆದ್ರೆ ಏನು ನಷ್ಟ, ಅದೂ ಫ್ರೀ ಅಲ್ವಾ ಅನ್ನಬಹುದು. 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದ ಬೆನ್ನಲ್ಲೇ, ಗುಜರಾತಿನಲ್ಲಿ ದೊಡ್ಡ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆಗಳು ಏಕಾಏಕಿ ನಿಂತವು. ದುಡ್ಡು ಕೊಟ್ಟು ಪಡೆದ ಸೇವೆ. ಕಂಪನಿ ದೆಹಲಿ ಹೈಕೋರ್ಟ್‌ಗೆ ಹೋಯ್ತು, ಕೆಲವೇ ದಿನದಲ್ಲಿ ಸೇವೆ ವಾಪಸ್ ಬಂತು. ನಯಾರಾಗೆ ವಕೀಲರಿದ್ದರು. ಪಾಸ್‌ವರ್ಡ್ ಮರೆತ, ಖಾತೆಗೆ ಕೊಟ್ಟಿದ್ದ ಫೋನ್ ನಂಬರ್ ಬದಲಾದ ಸಾಮಾನ್ಯರ ಪಾಡೇನು? ಇತ್ತೀಚಿನ ವಿಂಡೋಸ್ 11 ಹೊಸದಾಗಿ ಹಾಕಿ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಯಂತ್ರಗಳಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತೆ, ಅದನ್ನು ತೆರೆಯುವ ಕೀಲಿ ಆ ಖಾತೆಯಲ್ಲೇ ಇರುತ್ತೆ. ಸಿಡಿ ಕಳೆದಾಗ ಹೋಗುತ್ತಿದ್ದುದು ವಿಂಡೋಸ್ ಮಾತ್ರ. ಖಾತೆ ಕಳೆದರೆ ಮಗುವಿನ ಫೋಟೋ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲಾ ಹೋಗುತ್ತೆ.

"ಲಿನಕ್ಸ್ ಹಾಕ್ಕೊಳ್ಳಿ, ಕತೆ ಮುಗೀತು" ಅನ್ನೋ ಗೆಳೆಯರು ನನಗೂ ಇದ್ದಾರೆ. ಅವರ ಮಾತು ಅರ್ಧ ಸರಿ. ಕೇರಳದ ಸರ್ಕಾರಿ ಶಾಲೆಗಳು ಸುಮಾರು ಎರಡು ದಶಕದಿಂದ ಮುಕ್ತ ತಂತ್ರಾಂಶದಲ್ಲೇ ಪಾಠ ಮಾಡುತ್ತಿವೆ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗಾಗಿಯೇ ಸಿದ್ಧಪಡಿಸಿದ ಆಪರೇಟಿಂಗ್ ಸಿಸ್ಟಂ ಅನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ನಕಲು ಮಾಡಿ ಹಂಚಬಹುದು. ಸಿಡಿ ಕಳೆಯಿತು ಅನ್ನುವ ಸಮಸ್ಯೆಯೇ ಅಲ್ಲಿ ಹುಟ್ಟಲ್ಲ. ಆದರೆ ನಮ್ಮ ಬಿ.ಕಾಂ ಹುಡುಗಿಗೆ ಟ್ಯಾಲಿ ಬೇಕು. ಸರ್ಕಾರಿ ಕಚೇರಿಯ ಟೈಪಿಂಗ್ ಕೆಲಸಕ್ಕೆ ನುಡಿ ಬೇಕು. ಇವೆಲ್ಲ ವಿಂಡೋಸ್‌ಗಾಗಿ ಮಾಡಿದವು. ಕೆಲಸ ಕೊಡುವವರು ಬದಲಾಗದೆ ಕೆಲಸ ಹುಡುಕುವವರು ಮಾತ್ರ ಬದಲಾಗಬೇಕು ಅನ್ನೋದು ಯಾವ ನ್ಯಾಯ?

ಇಲ್ಲಿ ರಾಜ್ಯ ಸರ್ಕಾರಕ್ಕೂ ಒಂದು ಪ್ರಶ್ನೆ ಇದೆ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕಿಯೋನಿಕ್ಸ್ 'ಕಿಯೋ' ಅನ್ನುವ ಕಡಿಮೆ ಬೆಲೆಯ ಪುಟ್ಟ ಕಂಪ್ಯೂಟರ್ ಬಿಡುಗಡೆ ಮಾಡಿತು. ಲಿನಕ್ಸ್ ಆಧಾರಿತ, ರಿಸ್ಕ್-ಫೈವ್ ಪ್ರೊಸೆಸರ್. ಒಳ್ಳೆಯ ಯೋಚನೆ. ಆದರೆ ರಿಸ್ಕ್-ಫೈವ್ ಅಂದರೆ ಇಂಟೆಲ್, ಎಎಂಡಿ ಯಂತ್ರಗಳಿಗೆ ಮಾಡಿದ ಉಬುಂಟು ಪೆನ್‌ಡ್ರೈವ್ ಇದರಲ್ಲಿ ಬೂಟ್ ಆಗಲ್ಲ, ಇದಕ್ಕೆಂದೇ ಮಾಡಿದ ಇಮೇಜ್ ಬೇಕು. ನಾಳೆ ಸಿಂಧನೂರಿನ ಒಂದು ಶಾಲೆಯಲ್ಲಿ ಇದರ ಸ್ಟೋರೇಜ್ ಕೆಟ್ಟರೆ ಆ ಇಮೇಜ್ ಎಲ್ಲಿ ಸಿಗಬೇಕು, ಎಷ್ಟು ವರ್ಷ ಸಿಗಬೇಕು, ಲಾಗಿನ್ ಇಲ್ಲದೆ ಸಿಗಬೇಕಾ ಅನ್ನೋದನ್ನು ಮಾರಾಟದ ಷರತ್ತಿನಲ್ಲೇ ಬರೆದಿಡಬೇಕು. ಸರ್ಕಾರ ವಿದ್ಯಾರ್ಥಿಗಳಿಗೆ ಹಂಚುವ ಲ್ಯಾಪ್‌ಟಾಪ್‌ಗಳ ಟೆಂಡರ್‌ಗೂ ಇದೇ ಮಾತು.

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ 'ರೈಟ್ ಟು ರಿಪೇರಿ' ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಅಲ್ಲಿಯ ಚರ್ಚೆ ಹೆಚ್ಚಾಗಿ ಬಿಡಿಭಾಗ, ಸರ್ವಿಸ್ ಸೆಂಟರ್, ವಾರಂಟಿ ಸುತ್ತ. ಲ್ಯಾಪ್‌ಟಾಪ್‌ಗೆ ಆಪರೇಟಿಂಗ್ ಸಿಸ್ಟಂ ಕೂಡ ಬಿಡಿಭಾಗವೇ. ಬ್ಯಾಟರಿ ಸಿಗುತ್ತೆ, ಕೀಬೋರ್ಡ್ ಸಿಗುತ್ತೆ, ಆದರೆ ಕೊಂಡ ತಂತ್ರಾಂಶ ವಾಪಸ್ ಹಾಕಲು ದಾರಿ ಇಲ್ಲ ಅಂದ್ರೆ ಅದು ರಿಪೇರಿ ಹೇಗಾಗುತ್ತೆ? ಮೈಕ್ರೋಸಾಫ್ಟ್ ಇವತ್ತು ಇಳಿಸಿಕೊಳ್ಳಲು ಬಿಟ್ಟಿದೆ, ಸಂತೋಷ. ನಾಳೆ ಆ ಪುಟ ತೆಗೆದರೆ ಕೇಳಲು ನಮಗೆ ಒಂದು ಸಾಲಿನ ನಿಯಮವಾದರೂ ಬೇಕು.

ಊರಿಂದ ಹೊರಡುವಾಗ ಆ ಪೆನ್‌ಡ್ರೈವ್ ಚಿಕ್ಕಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಒಂದು ಕವರ್‌ಗೆ ಹಾಕಿ, ಮೇಲೆ 'ಕಂಪ್ಯೂಟರ್ ಒರಿಜಿನಲ್' ಅಂತ ಬರೆದು, ಬೀರುವಿನಲ್ಲಿ ಪಹಣಿಗಳ ಜೊತೆ ಇಟ್ಟರು. ಅಕ್ಟೋಬರ್ 13 ಆದಮೇಲೆ ಇದು ನಡೆಯುತ್ತಾ ಅಂತ ಕೇಳಿದರು. ನಡೆಯುತ್ತೆ, ಆದರೆ ಹೊಸ ತೂತುಗಳನ್ನು ಮುಚ್ಚೋರು ಇರಲ್ಲ ಅಂದೆ. ತಂಗಿ ಅಷ್ಟರಲ್ಲಿ ಅಪ್‌ಡೇಟ್‌ಗೆ ಅಂತ ಖಾತೆ ತೆರೆಯಲು ಕೂತಿದ್ದಳು. ಫೋನ್ ನಂಬರ್ ಯಾರದ್ದು ಕೊಡಲಿ, ನನ್ನದಾ ಅಪ್ಪನದಾ ಅಂತ ಒಳಗಿಂದ ಕೂಗಿದಳು.